65 ಮತ್ತು 60

ಚಿಕ್ಕಮ್ಮ ಇವತ್ತೂ ಎದ್ದಿಲ್ಲ. ಮೊನ್ನೆ ಒಂದು ಬಕೆಟ್ ಬಟ್ಟೆ ಒಗೆದಿದ್ದರು, ಅಷ್ಟೇ. "ವಾಕಿಂಗ್ ಮಾಡಿ, ಎಲ್ಲ ಮನಸ್ಸಿನದು" ಅಂದಿದ್ದರು ಡಾಕ್ಟರು. ಸ್ವಲ್ಪ ದಣಿದರೂ ದಿನಗಟ್ಟಲೆ ಹಾಸಿಗೆ ಹಿಡಿಸುವ ಕಾಯಿಲೆ, ಕ್ರಾನಿಕ್ ಫಟೀಗ್ ಸಿಂಡ್ರೋಮ್ ಅಂತ ಗೊತ್ತಾಗಿದ್ದೇ ಎಷ್ಟೋ ವರ್ಷದ ಮೇಲೆ.

ಪಕ್ಕದಲ್ಲೇ ಕೂತು ಈ ಕಾಯಿಲೆಯ ಚಿಕಿತ್ಸೆಗಳನ್ನು ಪರೀಕ್ಷಿಸಿದ ಬ್ರಿಟನ್ನಿನ ಪೇಸ್ ಟ್ರಯಲ್ ಬಗ್ಗೆ ಓದಿದೆ. 641 ರೋಗಿಗಳು. ಹಂತಹಂತವಾಗಿ ವ್ಯಾಯಾಮ ಹೆಚ್ಚಿಸಿದರೆ ಸುಧಾರಣೆ ಅಂತ 2011ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ದೈಹಿಕ ಸಾಮರ್ಥ್ಯದ ಅಂಕ ನೂರಕ್ಕೆ 65 ಅಥವಾ ಅದಕ್ಕಿಂತ ಕಡಿಮೆ ಇದ್ದವರನ್ನು ರೋಗಿಗಳೆಂದು ಸೇರಿಸಿಕೊಂಡರು. ಕೊನೆಗೆ 60 ಅಥವಾ ಹೆಚ್ಚು ಇದ್ದರೆ 'ಸಹಜ' ಅಂದರು! ಕುಸಿದವರೂ ಆ ಅಳತೆಯಲ್ಲಿ ಸಹಜರಾಗಬಹುದಿತ್ತು. ಮೂಲ ದತ್ತಾಂಶಕ್ಕಾಗಿ ಹೋರಾಡಿ 2016ರಲ್ಲಿ ಬ್ರಿಟನ್ನಿನ ನ್ಯಾಯಮಂಡಳಿಯಲ್ಲಿ ಗೆದ್ದದ್ದು ಆಸ್ಟ್ರೇಲಿಯಾದ ಒಬ್ಬ ರೋಗಿ. 2021ರಲ್ಲಿ, ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ ಆ ವ್ಯಾಯಾಮದ ಸಲಹೆ ಕೈಬಿಟ್ಟಿತು. ಹತ್ತು ವರ್ಷ!

ಚಿಕ್ಕಮ್ಮ ಎದ್ದ ಮೇಲೆ ಇದನ್ನೆಲ್ಲ ಓದಿ ಹೇಳಬೇಕು.