ಹುಣ್ಣಿಮೆಯ ಇಳಿತ, ಶುಭ ಶುಕ್ರವಾರದ ಗಂಟೆ

ಕಾರವಾರದ ಕಡಲಿನ ದ್ವೀಪವೊಂದರ ಮೇಲೆ ಗಾಥಿಕ್, ಅಂದರೆ ಭಯ-ನಿಗೂಢತೆ ತುಂಬಿದ, ಪತ್ತೇದಾರಿ ಕಾದಂಬರಿ ಬರೆಯಹೊರಟವರು ಮೊದಲ ಪುಟದಲ್ಲೇ ಎಡವುವ ಜಾಗ ಒಂದಿದೆ. ಹುಣ್ಣಿಮೆಯ ಚಂದ್ರನನ್ನು ಸಮುದ್ರದಿಂದ ಮೇಲೆಬ್ಬಿಸಿಬಿಡುತ್ತಾರೆ. ನಮ್ಮದು ಪಡುವಣ ಕಡಲು. ಇಲ್ಲಿ ಚಂದ್ರ ಹುಟ್ಟುವುದು ಸಹ್ಯಾದ್ರಿಯ ಬೆನ್ನಿನಿಂದ, ನೀರಿಗಿಳಿಯುವುದು ನಸುಕಿನಲ್ಲಿ. ದ್ವೀಪದ ಮೇಲೆ ನಿಂತವನಿಗೆ ಸಂಜೆಯ ಬೆಳದಿಂಗಳು ಊರಿನ ಕಡೆಯಿಂದ ಬರುತ್ತದೆ, ಕತ್ತಲೆ ಕಡಲಿನ ಕಡೆ ಉಳಿದಿರುತ್ತದೆ. ಹೆದರಿಕೆ ಹುಟ್ಟಿಸಲು ಇದು ಇನ್ನೂ ಚೆನ್ನಾಗಿ ಒದಗುತ್ತದೆ, ಬಳಸಿಕೊಳ್ಳಬೇಕು ಅಷ್ಟೆ. ದಟ್ಟ ಮಂಜಿನದೂ ಇದೇ ಕಥೆ. ಡಿಸೆಂಬರ್-ಜನವರಿಯ ಬೆಳಗಿನಲ್ಲಿ ಕಾಳಿ ನದಿಯ ಮೇಲೆ ತೆಳುವಾಗಿ ಕೂರುವ ಮಂಜು ಬಿಸಿಲೇರಿದರೆ ಹೋಯಿತು. ಏನನ್ನಾದರೂ ಮರೆಮಾಡಬೇಕಿದ್ದರೆ ಜೂನ್-ಜುಲೈ ತಿಂಗಳ ಮಳೆಯಿದೆಯಲ್ಲ, ಹತ್ತು ಮಾರು ದೂರದ ದೋಣಿಯೂ ಕಾಣದ ಹಾಗೆ ಸುರಿಯುತ್ತದೆ.

ಇಂಥ ಕಾದಂಬರಿಗೆ ಪೊಲೀಸ್ ಕಾನೂನಿನ ಪುಸ್ತಕಕ್ಕಿಂತ ಮೊದಲು ಕೊಳ್ಳಬೇಕಾದದ್ದು ಭರತಿ-ಇಳಿತದ ಪಟ್ಟಿ. ಅದನ್ನು ಪಂಚಾಂಗದ ಪಕ್ಕಕ್ಕೂ ಚರ್ಚಿನ ಕ್ಯಾಲೆಂಡರಿನ ಪಕ್ಕಕ್ಕೂ ಇಟ್ಟು ನೋಡಿ. ಕಾರವಾರದ ಬಳಿಯ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆ ಪುಷ್ಯ ಹುಣ್ಣಿಮೆಗೆ. ಈಸ್ಟರ್ ಭಾನುವಾರ ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರ; ಶುಭ ಶುಕ್ರವಾರ (ಗುಡ್ ಫ್ರೈಡೇ) ಅದಕ್ಕೆ ಎರಡು ದಿನ ಮುಂಚೆ. ಸಮುದ್ರದ ದೊಡ್ಡ ಉಬ್ಬರವೂ ಹುಣ್ಣಿಮೆ-ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ. ಭಕ್ತರನ್ನು ದ್ವೀಪಕ್ಕೆ ಕರೆತರುವ ಚಂದ್ರನೇ ನೀರನ್ನೂ ಏರಿಸಿ ಇಳಿಸುತ್ತಾನೆ. ದೇವರು ಮತ್ತು ಕೊಲೆ ಒಂದೇ ಕಥೆಯೊಳಗೆ ಬರಲು ಇದಕ್ಕಿಂತ ಗಟ್ಟಿ ಕಾರಣ ನನಗೆ ತೋಚದು. ಹಾಗಿದ್ದೂ ಎಷ್ಟೋ ಹಸ್ತಪ್ರತಿಗಳಲ್ಲಿ ಭಕ್ತಿ ಬರೀ ಗೋಡೆಗೆ ನೇತುಹಾಕಿದ ಶಿಲುಬೆಯಾಗಿ ಉಳಿದುಬಿಡುತ್ತದೆ.

ಲೆಕ್ಕ ಹೀಗೆ. ಹುಣ್ಣಿಮೆಯ ಆಸುಪಾಸಿನಲ್ಲಿ ಕಾರವಾರದ ಬಳಿ ಭರತಿ ತುಂಬುವುದು ಬೆಳಿಗ್ಗೆ ಮತ್ತು ರಾತ್ರಿ ಹನ್ನೊಂದರ ಸುಮಾರಿಗೆ. ನೀರು ಪೂರ್ತಿ ಇಳಿಯುವುದು ನಸುಕು ಮತ್ತು ಸಂಜೆ ಐದರ ಸುಮಾರಿಗೆ. ದಿನ ಕಳೆದಂತೆ ಇದು ಹತ್ತಿರ ಹತ್ತಿರ 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ಹುಣ್ಣಿಮೆಯ ನಡುರಾತ್ರಿ ಬಂಡೆಗಳ ದಾರಿ ತೆರೆದುಕೊಂಡು ಹೆಣ ಎಳೆದೊಯ್ದರು ಎಂದು ಬರೆದರೆ ಕೋಡಿಬಾಗದ ಯಾವ ಮೀನುಗಾರನೂ ಒಪ್ಪುವುದಿಲ್ಲ. ಆ ಹೊತ್ತಿಗೆ ಬಂಡೆಯ ಮೇಲೆ ಆಳುದ್ದ ನೀರು.

ನಮ್ಮ ನಿಜವಾದ ದ್ವೀಪಗಳಿಗೆ ಇಳಿತದಲ್ಲಿ ನಡೆದು ಹೋಗಲು ಬರುವುದಿಲ್ಲ, ದೋಣಿಯೇ ಬೇಕು. ನಡೆಯುವ ದಾರಿ ಬೇಕಿದ್ದರೆ ದ್ವೀಪವನ್ನು ಎರಡು ತುಂಡು ಮಾಡಿ. ದೊಡ್ಡದರ ಮೇಲೆ ಇಗರ್ಜಿ (ಚರ್ಚು), ಚಿಕ್ಕದರ ಮೇಲೆ ಕರಾವಳಿಯ ಜನಪದ ದೈವ ಜಟಗನ ಕಲ್ಲು, ನಡುವೆ ಇಳಿತದಲ್ಲಷ್ಟೇ ತಲೆಯೆತ್ತುವ ಬಂಡೆಸಾಲು. ನೀರಿನ ಏರಿಳಿತ 1.8 ಮೀಟರ್ ಎಂದಿಟ್ಟುಕೊಳ್ಳಿ. ಆರು ಗಂಟೆಯಲ್ಲಿ ಅದು ಸಮಸಮವಾಗಿ ಏರುವುದಿಲ್ಲ. ಹನ್ನೆರಡು ಪಾಲು ಮಾಡಿದರೆ ಗಂಟೆಗಂಟೆಗೆ 1, 2, 3, 3, 2, 1 ಪಾಲು. ಅಂದರೆ ಪೂರ್ತಿ ಇಳಿದ ಮೇಲಿನ ಮೊದಲ ಗಂಟೆಯಲ್ಲಿ ಏರುವುದು 15 ಸೆಂಟಿಮೀಟರ್, ಕಾಲಿನ ಹರಡು ನೆನೆಯುವಷ್ಟು. ಎರಡನೆಯ ಗಂಟೆ ಮುಗಿಯುವಾಗ ಒಟ್ಟು 45, ಮೊಣಕಾಲಿಗೆ. ಮೂರನೆಯದು ಮುಗಿಯುವಾಗ 90, ಸೊಂಟದ ಹತ್ತಿರ. ಆ ಮೂರನೆಯ ಗಂಟೆಯಲ್ಲಿ ಪಾಚಿ ಹಿಡಿದ ಬಂಡೆಯ ಮೇಲೆ ಅಡ್ಡ ಹೊಡೆಯುವ ಸೆಳೆತದಲ್ಲಿ ಒಂಟಿಯಾಗಿ ನಿಲ್ಲುವುದೇ ಕಷ್ಟ, ಹೆಗಲ ಮೇಲೆ ಭಾರ ಹೊತ್ತವನ ಮಾತು ದೂರವೇ ಉಳಿಯಿತು. ಯಾರಿಗೆ ದಾಟಲು ಸಾಧ್ಯವಿತ್ತು, ಯಾರಿಗೆ ಇರಲಿಲ್ಲ ಎಂಬ ಪತ್ತೇದಾರಿಕೆ ಈ ಮೂರು ಸಂಖ್ಯೆಗಳಲ್ಲೇ ಮುಗಿಯುತ್ತದೆ. ದಿನದ ಎರಡು ಇಳಿತಗಳು ಒಂದೇ ಆಳಕ್ಕೆ ಇಳಿಯುವುದಿಲ್ಲ ಎಂಬುದನ್ನೂ ಪಟ್ಟಿಯಲ್ಲಿ ನೋಡಿಕೊಳ್ಳಿ.

ವರ್ಷ ಆರಿಸುವಾಗಲೂ ಎಚ್ಚರ ಬೇಕು. ಎಲ್ಲ ಶುಭ ಶುಕ್ರವಾರಕ್ಕೂ ದೊಡ್ಡ ಉಬ್ಬರ ಸಿಗುವುದಿಲ್ಲ. 2025ರಲ್ಲಿ ಹುಣ್ಣಿಮೆ ಏಪ್ರಿಲ್ 13ಕ್ಕೆ, ಶುಭ ಶುಕ್ರವಾರ 18ಕ್ಕೆ. ಐದು ದಿನ ಕಳೆದಾಗ ಉಬ್ಬರದ ಕಸುವು ಇಳಿದಿರುತ್ತದೆ, ಹೊತ್ತೂ ನಾಲ್ಕು ಗಂಟೆಯಷ್ಟು ಮುಂದೆ ಸರಿದಿರುತ್ತದೆ. 2026ರಲ್ಲಿ ಹುಣ್ಣಿಮೆ ಏಪ್ರಿಲ್ 2, ಶುಭ ಶುಕ್ರವಾರ 3. ಕಥೆಗೆ ಹೇಳಿ ಮಾಡಿಸಿದ ವರ್ಷ. ಮಧ್ಯಾಹ್ನ ಮೂರಕ್ಕೆ ಚರ್ಚಿನ ವಿಧಿ ಶುರುವಾಗುವಾಗ ನೀರು ಇಳಿಯುತ್ತಿರುತ್ತದೆ. ಐದೂವರೆಯ ಹೊತ್ತಿಗೆ ಬಂಡೆಸಾಲು ಪೂರ್ತಿ ಬರಿದು. ಆರೂಮುಕ್ಕಾಲಿಗೆ ಸೂರ್ಯಾಸ್ತ. ಹುಣ್ಣಿಮೆಯ ಮರುದಿನವಾದ್ದರಿಂದ ಚಂದ್ರ ಹುಟ್ಟುವುದು ತಡ, ಗುಡ್ಡದ ಅಂಚು ದಾಟಿ ಬರಲು ಇನ್ನಷ್ಟು ಹೊತ್ತು. ನಡುವೆ ಸಿಗುವ ಮುಕ್ಕಾಲು ಗಂಟೆ ನಿಮ್ಮ ಕೊಲೆಗಾರನದು.

ಇನ್ನು ಗಂಟೆ. ಪವಿತ್ರ ಗುರುವಾರದ ಬಲಿಪೂಜೆಯಲ್ಲಿ ಮಹಿಮೆಯ ಗೀತೆ ಹಾಡುವಾಗ ಗಂಟೆಗಳನ್ನು ಬಾರಿಸಿದರೆ ಮುಗಿಯಿತು, ಈಸ್ಟರಿನ ಹಿಂದಿನ ರಾತ್ರಿಯ ಪಾಸ್ಖ ಜಾಗರಣೆಯಲ್ಲಿ ಅದೇ ಗೀತೆ ಮತ್ತೆ ಬರುವವರೆಗೆ ಅವು ಮೌನ. ಶುಕ್ರವಾರ ಗಂಟೆಯ ಬದಲು ಬಳಸುವುದು ಪೋರ್ಚುಗೀಸರು ಮತ್ರಾಕ ಎನ್ನುವ ಮರದ ಸಾಧನ. ಹಲಗೆಗೆ ಸಡಿಲವಾಗಿ ಸಿಕ್ಕಿಸಿದ ಸುತ್ತಿಗೆ, ಹಿಡಿ ಹಿಡಿದು ಅಲುಗಿಸಿದರೆ ಎರಡೂ ಬದಿ ಬಡಿದು ಕಟಕಟ ಸದ್ದು. ಕಂಚಿನ ನಾದದಂತೆ ಅದು ಕೊರೆಯುತ್ತ ಉಳಿಯುವುದಿಲ್ಲ, ಬಡಿದಲ್ಲೇ ಸಾಯುತ್ತದೆ. ಪರಮಪ್ರಸಾದದ ಪೆಟ್ಟಿಗೆ ಬರಿದಾಗಿ ಬಾಗಿಲು ತೆರೆದಿರುತ್ತದೆ, ಅದರ ಮುಂದಿನ ದೀಪ ಆರಿರುತ್ತದೆ, ಪೀಠದ ಮೇಲೆ ಬಟ್ಟೆಯೂ ಇಲ್ಲ. ಇಂಥ ರಾತ್ರಿ ಗೋಪುರದ ಕಂಚಿನ ಗಂಟೆ ಒಂದೇ ಒಂದು ಸಲ ಬಾರಿಸಿದರೆ ಸಾಕು, ಊರಿನ ಒಬ್ಬೊಬ್ಬ ಕ್ರೈಸ್ತನೂ ಹಾಸಿಗೆಯಲ್ಲಿ ಎದ್ದು ಕೂರುತ್ತಾನೆ. ಕಿರುಚಾಟ, ರಕ್ತ ಏನೂ ಬೇಕಿಲ್ಲ. ಕಥೆ 1956ಕ್ಕಿಂತ ಹಿಂದಿನದಾದರೆ ಒಂದು ಬದಲಾವಣೆ ನೆನಪಿಡಿ: ಆಗ ಪಾಸ್ಖ ಜಾಗರಣೆಯ ವಿಧಿ ಶನಿವಾರ ಬೆಳಿಗ್ಗೆಯೇ ನಡೆಯುತ್ತಿತ್ತು, ಹಾಗಾಗಿ ಗಂಟೆಯೂ ಶನಿವಾರ ಬೆಳಿಗ್ಗೆಯೇ ಬಾಯಿ ಬಿಡುತ್ತಿತ್ತು.

ಪಾಪನಿವೇದನೆಯ ವಿಷಯದಲ್ಲಿ ಬರೆಯುವವರು ಅವಸರ ಮಾಡುತ್ತಾರೆ. ಕೊಲೆಗಾರ ಪಾದ್ರಿಯ ಮುಂದೆ ತಪ್ಪು ಹೇಳಿಕೊಂಡ, ಪಾದ್ರಿ ಬಾಯಿ ಬಿಡಲಾರ, ಆದರೆ ಇನ್‌ಸ್ಪೆಕ್ಟರಿಗೆ ಕಣ್ಣಲ್ಲೇ ಸುಳಿವು ಕೊಟ್ಟ. ಇದು ತಪ್ಪು. ಚರ್ಚಿನ ಕಾನೂನಿನ 983ನೇ ವಿಧಿ ಮಾತಿನಿಂದಾಗಲಿ ಬೇರೆ ಯಾವ ರೀತಿಯಿಂದಾಗಲಿ ಹೊರಗೆಡಹುವುದನ್ನು ನಿಷೇಧಿಸುತ್ತದೆ. 984ನೆಯದು ಇನ್ನೂ ಮುಂದೆ ಹೋಗಿ, ಗುಟ್ಟು ಬಯಲಾಗುವ ಭಯ ಇಲ್ಲದಿದ್ದರೂ ಆ ತಿಳಿವಳಿಕೆಯನ್ನು ಹೇಳಿಕೊಂಡವನ ವಿರುದ್ಧ ಬಳಸುವಂತಿಲ್ಲ ಎನ್ನುತ್ತದೆ. ನಮ್ಮ ಸಾಕ್ಷ್ಯ ಕಾನೂನು ವಕೀಲ-ಕಕ್ಷಿದಾರರ ಮಾತಿಗೆ, ಗಂಡ-ಹೆಂಡತಿಯ ಮಾತಿಗೆ ರಕ್ಷಣೆ ಕೊಡುತ್ತದೆ, ಪಾದ್ರಿಗೆ ಹಾಗೆ ಹೆಸರಿಸಿ ಕೊಟ್ಟಿಲ್ಲ. ನ್ಯಾಯಾಲಯ ಕೇಳುತ್ತದೆ, ಆತ ಹೇಳುವುದಿಲ್ಲ. ಈ ಇಕ್ಕಟ್ಟನ್ನು ಸುಳಿವಿನಿಂದ ಸಡಿಲಿಸಬೇಡಿ. ಅವನು ರಾತ್ರಿ ಊಟಕ್ಕೆ ಕೊಲೆಗಾರನ ಪಕ್ಕದಲ್ಲೇ ಕೂತು ಉಪ್ಪು ದಾಟಿಸಲಿ, ಮುಖದಲ್ಲಿ ಏನೂ ಕಾಣಿಸದಿರಲಿ.

ಜಟಗನ ಕಲ್ಲಿನ ಕಡೆಗೂ ಇದೇ ಗೌರವ ಬೇಕು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಮೀನುಗಾರರು ಇಂದಿಗೂ ಜಟಗನಿಗೆ ಹರಕೆ ಒಪ್ಪಿಸುತ್ತಾರೆ. ಕೌಲು ಕೇಳುವುದೆಂದರೆ ಮೂರ್ತಿಯ ಎಡಬಲಗಳಿಗೆ ಹೂವಿನ ಎಸಳುಗಳನ್ನು ನೀರಲ್ಲಿ ಅದ್ದಿ ಅಂಟಿಸಿ, ಪ್ರಶ್ನೆ ಇಟ್ಟು, ಯಾವ ಬದಿಯದು ಮೊದಲು ಬೀಳುತ್ತದೆಂದು ಕಾಯುವುದು. ಉತ್ತರ ಹೌದು ಅಥವಾ ಇಲ್ಲ, ಅಷ್ಟೇ. ಪೂಜಾರಿ ಮೋಸ ಮಾಡಿದ ಎಂದು ಕೊನೆಯಲ್ಲಿ ಬಯಲು ಮಾಡುವುದು ಸೋಮಾರಿ ಬರವಣಿಗೆ. ಉತ್ತರ ಸರಿಯೇ ಇತ್ತು, ಕೇಳಿದ ಪ್ರಶ್ನೆ ತಪ್ಪಿತ್ತು ಎಂದು ಕಟ್ಟಿ ನೋಡಿ. “ಹೋದವನು ಬದುಕಿದ್ದಾನೆಯೇ” ಎಂದು ಕೇಳಿದರು, ಯಾವ ಹೋದವನು ಎಂದು ಯಾರೂ ಹೇಳಲಿಲ್ಲ.

ಕಟ್ಟಡಕ್ಕೆ ಮಾದರಿ ಬೇಕಿದ್ದರೆ ಅಂಜುದೀವ್ ದ್ವೀಪ. ಕಾರವಾರದ ಎದುರಿಗೇ ಇದ್ದರೂ ಆಡಳಿತದಲ್ಲಿ ಗೋವೆಗೆ ಸೇರಿದ್ದು, ಈಗ ನೌಕಾಪಡೆಯ ಕೈಯಲ್ಲಿದೆ. 1498ರಲ್ಲಿ ವಾಸ್ಕೋ ಡ ಗಾಮ ಮರಳುವ ದಾರಿಯಲ್ಲಿ ಅಲ್ಲಿ ನಿಂತಿದ್ದ, 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡ ಕೋಟೆ ಕಟ್ಟಿಸಿದ. ಬ್ರೋತಸ್ ಮಾತೆಯ ಇಗರ್ಜಿಯೂ ಅಲ್ಲಿಯದೇ. ಗಾಥಿಕ್ ಕಥೆಗೆ ತಕ್ಕ ದುಃಖ 1662ರದು. ಮುಂಬಯಿಯನ್ನು ವಹಿಸಿಕೊಳ್ಳಲು ಬಂದ ಇಂಗ್ಲಿಷ್ ಸೈನಿಕರಿಗೆ ಪೋರ್ಚುಗೀಸರು ಅದನ್ನು ಬಿಟ್ಟುಕೊಡಲಿಲ್ಲ. ಅವರು ಅಂಜುದೀವಿಗೆ ಬಂದು ಕಾದರು. ಮಳೆಗಾಲ, ಜ್ವರ, ಸರಿಯಾದ ಸೂರಿಲ್ಲ. ಅವರ ನಾಯಕ ಅಬ್ರಹಾಂ ಶಿಪ್‌ಮನ್ 1664ರಲ್ಲಿ ಅಲ್ಲೇ ತೀರಿಕೊಂಡ. 1665ರಲ್ಲಿ ಮುಂಬಯಿ ಕೈಗೆ ಬರುವಾಗ ಬಹುಪಾಲು ಜನ ಮಣ್ಣಾಗಿದ್ದರು. ಇಷ್ಟು ಹಳೆಯ ಗೋರಿಗಳನ್ನು ಕಥೆಗೆ ಎತ್ತಿಕೊಳ್ಳಬಹುದು. ಆದರೆ 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಮರಳುವಾಗ ದೋಣಿ ಮಗುಚಿ ಸತ್ತವರನ್ನು ಎತ್ತಿಕೊಳ್ಳಬೇಡಿ, ಹೆಸರು ಬದಲಿಸಿಯೂ ಬೇಡ. ಅವರ ಮನೆಯವರು ಇಲ್ಲಿಯೇ ಇದ್ದಾರೆ.

ಗೋಡೆ ಚಿರೆಕಲ್ಲಿನದು, ಗಾರೆ ಸುಣ್ಣದ್ದು. ಕಲ್ಲು ನೀರು ಕುಡಿಯುತ್ತದೆ, ಸುಣ್ಣ ಅದನ್ನು ಹೊರಕ್ಕೆ ಬಿಡುತ್ತದೆ. ಯಾರೋ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿ, ಉಪ್ಪು ಹರಳುಗಟ್ಟಿ, ಗಾರೆ ಹಕ್ಕಳೆ ಹಕ್ಕಳೆಯಾಗಿ ಉದುರುತ್ತದೆ. ಗೋಡೆಯ ಒಂದು ಚೌಕದಲ್ಲಿ ಮಾತ್ರ ಹೀಗಾಗಿದೆ ಎಂದರೆ ಅಲ್ಲಿ ಹಿಂದೊಂದು ಬಾಗಿಲಿತ್ತು. ಮಂಗಳೂರು ಹೆಂಚು 1865ರ ನಂತರದ್ದು, ಅದಕ್ಕೂ ಹಿಂದಿನ ದೃಶ್ಯದಲ್ಲಿ ಅದು ಜಾರಿ ಬಿದ್ದು ಯಾರ ತಲೆಯೂ ಒಡೆಯಬಾರದು. ಸೀಮೆಎಣ್ಣೆ ಬರುವ ಮುಂಚಿನ ದೀಪಕ್ಕೆ ತೆಂಗಿನೆಣ್ಣೆ ಅಥವಾ ಹೊನ್ನೆಣ್ಣೆ ಹಾಕಿ.

ಬಾವಿಯನ್ನು ಮಾತ್ರ ಮರೆಯಬೇಡಿ. ದ್ವೀಪದ ಬಾವಿ ಜುಲೈಯಲ್ಲಿ ಕಟ್ಟೆಯವರೆಗೂ ತುಂಬಿರುತ್ತದೆ. ಮಾರ್ಚ್ ಬರುವಾಗ ಒಳಗೋಡೆಯ ಮೇಲೆ ಒಂದರ ಕೆಳಗೊಂದು ಪಾಚಿಯ ಗೆರೆ ಬಿಟ್ಟು ಇಳಿದಿರುತ್ತದೆ: ಮೇಲಿನದು ಒಣಗಿ ಕಪ್ಪು, ನಡುವಿನದು ಕಂದು, ನೀರಿಗೆ ತಾಗಿದ್ದು ಹಸಿರು. ಏಪ್ರಿಲ್-ಮೇ ಅದರ ತಳದ ತಿಂಗಳು, ನೀರಿಗೆ ಉಪ್ಪಿನ ಸೊಗಡೂ ಬರಬಹುದು. ಮಳೆಗಾಲದಲ್ಲಿ ಎಸೆದದ್ದು ಶುಭ ಶುಕ್ರವಾರದ ಹೊತ್ತಿಗೆ ಮೇಲಿನಿಂದಲೇ ಕಾಣುತ್ತದೆ. ಕೊಲೆಗಾರ ಘಟ್ಟದ ಮೇಲಿನವನಾದರೆ ಇದು ಅವನ ಲೆಕ್ಕಕ್ಕೆ ಬಂದಿರುವುದಿಲ್ಲ. ಶಿರಸಿಯ ತೋಟದ ಮನೆಯ ಬಾವಿ ನೋಡಿ ಬೆಳೆದವನಿಗೆ ನೀರು ಇಷ್ಟು ಕೆಳಗೆ ಹೋಗುತ್ತದೆಂದು ಹೊಳೆಯದು.

ಈಸ್ಟರಿನಿಂದ ಮಳೆಗೆ ಹೆಚ್ಚು ಕಡಿಮೆ ಎರಡು ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಕಾರವಾರದ ಬೈತಖೋಲ ಬಂದರಿನಲ್ಲಿ ದೋಣಿಗಳು ದಡ ಸೇರಿರುತ್ತವೆ. ನಾಡದೋಣಿಗೆ ನಿಷೇಧವಿಲ್ಲ, ಆದರೆ ಪಡುವಣ ಗಾಳಿ ಎದ್ದ ಮೇಲೆ ದ್ವೀಪಕ್ಕೆ ಹುಟ್ಟು ಹಾಕುವವರು ಸಿಗುವುದಿಲ್ಲ. ಮೇ ತಿಂಗಳ ಕೊನೆಯ ದೋಣಿಯನ್ನು ಯಾರು ಹತ್ತಿದರು, ಪಾದ್ರಿಯ ಜೊತೆಗೆ ದ್ವೀಪದ ಮೇಲೆ ಯಾರು ಉಳಿದರು ಎಂಬುದನ್ನು ಮೊದಲ ಅಧ್ಯಾಯ ಬರೆಯುವ ಮುಂಚೆಯೇ ತೀರ್ಮಾನಿಸಿ, ಆ ದೋಣಿ ಹೊರಡುವ ಭರತಿಯ ಹೊತ್ತನ್ನೂ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.