‘ಆರಾಮ’ ಅಂತ ಹೇಳದ ದಿನ

12 ಡಿಸೆಂಬರ್ 2024, ಗುರುವಾರ
ತೀರ್ಥಹಳ್ಳಿ ಹತ್ತಿರ

ರಾತ್ರಿ ಎರಡು ಗಂಟೆಗೆ ಮೈಯೆಲ್ಲ ಬೆವರಿ ಎಚ್ಚರವಾಯಿತು. ಹೊರಗೆ ಕೊರೆಯುವ ಚಳಿ. ಹೆಂಚಿನ ಅಂಚಿನಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ನಾನು ಮಾತ್ರ ಕಂಬಳಿ ಒದ್ದು, ಬನಿಯನ್ ಬಿಚ್ಚಿ ಕೂತಿದ್ದೆ.

ಇದು ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಹಾರ್ಮೋನ್ ಇಂಜೆಕ್ಷನ್ನಿನ ಕೆಲಸ. ಗಂಡಸರ ಟೆಸ್ಟೋಸ್ಟೆರಾನ್ ಇದೆಯಲ್ಲ, ಪ್ರಾಸ್ಟೇಟ್ ಕ್ಯಾನ್ಸರ್ ಬೆಳೆಯುವುದು ಅದರ ಬಲದಿಂದ. ಅದನ್ನು ಇಳಿಸಿದರೆ ಕ್ಯಾನ್ಸರ್ ಹಿಡಿತಕ್ಕೆ ಬರುತ್ತದೆ. ನನ್ನದು ಮೂಳೆಗೆ ಹಬ್ಬಿರುವುದರಿಂದ ಇಂಜೆಕ್ಷನ್ ನಿಲ್ಲಿಸುವ ಹಾಗಿಲ್ಲ. ಮೈ ಬಿಸಿಯಾಗುತ್ತದೆ, ಸುಸ್ತಾಗುತ್ತದೆ, ಸಣ್ಣ ಮಾತಿಗೂ ಕಣ್ಣು ತುಂಬುತ್ತದೆ. ಕಣ್ಣೀರಿಗೂ ಔಷಧಿ ಕಾರಣ ಇರಬಹುದು ಅಂತ ನನಗೆ ಗೊತ್ತಾಗಿದ್ದು ತಡವಾಗಿ. ಒಂದು ವರ್ಷ ನಾನೇ ಹೇಡಿಯಾಗಿಬಿಟ್ಟೆ ಅಂದುಕೊಂಡು ಒಳಗೊಳಗೇ ನಾಚಿಕೊಂಡಿದ್ದೆ.

ಮತ್ತೆ ಮಲಗಿ, ಶಿವಮೊಗ್ಗದಲ್ಲಿ ಕೌನ್ಸೆಲರ್ ಮೇಡಂ ಹೇಳಿಕೊಟ್ಟಂತೆ ಮಾಡಿದೆ. ಕಾಲ್ಬೆರಳಿಂದ ಶುರು ಮಾಡಿ, ಒಂದೊಂದೇ ಭಾಗಕ್ಕೆ ಗಮನ ಕೊಡುತ್ತಾ ಮೇಲೆ ಬರುವುದು. ಮೊಣಕಾಲಿನ ತನಕ ಸಲೀಸು. ಸೊಂಟಕ್ಕೆ ಬಂದಾಗ ಕಷ್ಟ. ನೋವನ್ನು ನೋಡುತ್ತಾ ಕೂತರೆ ನನಗೆ ಅದು ದೊಡ್ಡದಾಗುತ್ತದೆ. ‘ಹಾಗಾದರೆ ಬಲವಂತ ಬೇಡ, ಅಂಗೈಗೆ ಬನ್ನಿ’ ಅಂದಿದ್ದರು. ಅಂಗೈಗೆ ಬಂದೆ. ಇನ್ನೊಂದು ಮಾತನ್ನೂ ಅವರು ಒತ್ತಿ ಹೇಳಿದ್ದರು. ಬೆನ್ನಲ್ಲಿ ಹೊಸ ನೋವು ಬಂದು ಕಾಲು ಸೋತರೆ, ಇಲ್ಲಾ ಮೂತ್ರ ಕಟ್ಟಿದರೆ, ಉಸಿರು ಗಮನಿಸುತ್ತಾ ಕೂರಬಾರದು. ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು. ಬೆನ್ನುಹುರಿ ಒತ್ತಿಕೊಂಡಿರಬಹುದು. ನನ್ನಂಥವರ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿರಬೇಕು.

ಬೆಳಿಗ್ಗೆ ಬೆಂಗಳೂರಿಂದ ಮಗಳ ಫೋನ್. ಹೀಗೆ ಗಮನ ಕೊಡುವ, ಮೈಂಡ್‌ಫುಲ್‌ನೆಸ್ ಅನ್ನುವ ಈ ಅಭ್ಯಾಸವನ್ನು 1979ರಲ್ಲಿ ಅಮೆರಿಕದ ಆಸ್ಪತ್ರೆಯೊಂದರಲ್ಲಿ ಜಾನ್ ಕಬಟ್-ಝಿನ್ ಅನ್ನುವವರು ರೋಗಿಗಳಿಗೆ ಕಲಿಸಲು ಶುರು ಮಾಡಿದರು ಅಂತ ಮೊದಲು ಹೇಳಿದ್ದೂ ಅವಳೇ. ಇವತ್ತು ಸ್ವಲ್ಪ ತಡವರಿಸಿದಳು. “ಅಪ್ಪಯ್ಯ, ಒಂದು ವಿಷಯ ಓದಿದೆ. ಹೇಳ್ಲಾ ಬೇಡ್ವಾ ಗೊತ್ತಾಗ್ತಿಲ್ಲ.” ಹೇಳು ಅಂದೆ. ಆಸ್ಟ್ರೇಲಿಯಾದಲ್ಲಿ ನನ್ನ ಹಾಗೇ ಕಾಯಿಲೆ ಮುಂದುವರಿದ 189 ಗಂಡಸರನ್ನು ಎರಡು ಗುಂಪು ಮಾಡಿದ್ದರಂತೆ. ಒಂದು ಗುಂಪಿಗೆ ಎಂಟು ವಾರ ಫೋನಿನಲ್ಲೇ ಒಟ್ಟಿಗೆ ಇದನ್ನು ಕಲಿಸಿದರು. 2017ರಲ್ಲಿ ಅಚ್ಚಾದ ವರದಿ. ಕಲಿತವರ ಮನಸ್ಸಿನ ಸಂಕಟ, ಕಲಿಯದವರಿಗಿಂತ ಕಮ್ಮಿಯೇನೂ ಆಗಲಿಲ್ಲ.

ಕೇಳಿ ಮನಸ್ಸು ಸಪ್ಪಗಾಯಿತು. ಆದರೂ ಅವಳು ಮುಚ್ಚಿಡಲಿಲ್ಲವಲ್ಲ, ಅದು ಸಮಾಧಾನ. ತೋಟದಲ್ಲಿ ಒಂದು ಸುತ್ತು ಹಾಕುತ್ತಾ ಯೋಚಿಸಿದೆ. ನನ್ನ ಹೆದರಿಕೆ ಕಮ್ಮಿಯಾಗಿದೆಯಾ? ಇಲ್ಲ. ಪಿಎಸ್‌ಎ, ಅಂದರೆ ಈ ಕ್ಯಾನ್ಸರ್ ಹಿಡಿತದಲ್ಲಿದೆಯಾ ಅಂತ ನೋಡುವ ರಕ್ತಪರೀಕ್ಷೆ, ಅದರ ರಿಪೋರ್ಟ್ ಬರುವ ವಾರ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ, ಇವತ್ತಿಗೂ. ಆದರೆ ಮೊದಲು ಹೆದರಿಕೆ ಸಿಟ್ಟಾಗಿ ಹೊರಗೆ ಬರುತ್ತಿತ್ತು. ಕಾಫಿ ಬಿಸಿಯಿಲ್ಲ ಅಂತ ಹೆಂಡತಿ ಮೇಲೆ ಕೂಗುತ್ತಿದ್ದೆ. ಈಗ ಎದೆ ಬಿಗಿಯುವುದು ಮೊದಲೇ ಗೊತ್ತಾಗುತ್ತದೆ. ‘ಇದು ಹೆದರಿಕೆ’ ಅಂತ ಹೆಸರಿಡುವಷ್ಟು ಹೊತ್ತು ಸಿಗುತ್ತದೆ. ನನಗೆ ಅಷ್ಟು ಸಾಕು, ಬಿಡುವುದಿಲ್ಲ.

ಸಂಜೆ ಜಗುಲಿಯಲ್ಲಿ ಅಡಿಕೆ ಸುಲಿತ. ನಾನು ಜಾಸ್ತಿ ಹೊತ್ತು ಕೂರಲಾರೆ, ಆದರೂ ಮೆಟ್ಟುಗತ್ತಿ ಮುಂದೆ ಕೂತೆ. ಇಲ್ಲಿ ಯಾರೂ ಗಮನ ಕೊಡಿ ಅಂತ ಹೇಳಬೇಕಿಲ್ಲ. ಮನಸ್ಸು ಆಚೆ ಹೋದರೆ ಬೆರಳಿಗೆ ಬಿತ್ತು. ಹಸಿ ಸಿಪ್ಪೆಯ ವಾಸನೆ, ಬುಟ್ಟಿಗೆ ಬೀಳುವ ಕಾಯಿಯ ಸದ್ದು.

ಪಕ್ಕದಲ್ಲಿ ಭಾವ. ಯಾವಾಗಿನಂತೆ ಕೇಳಿದರು, “ಹೆಂಗಿದೀರಿ ಭಾವ?”

ಎರಡು ವರ್ಷದಿಂದ ಈ ಪ್ರಶ್ನೆಗೆ ‘ಆರಾಮ’ ಅಂತಲೇ ಹೇಳಿದವನು ನಾನು. ಇವತ್ತು, “ರಾತ್ರಿ ಹೊತ್ತು ಹೆದರಿಕೆ ಆಗ್ತದೆ ಭಾವ” ಅಂದುಬಿಟ್ಟೆ.

ಅವರ ಕೈ ನಿಂತಿತು. ಸ್ವಲ್ಪ ಹೊತ್ತು ಮಾತಿಲ್ಲ. ಮತ್ತೆ ನಾಲ್ಕೈದು ಕಾಯಿ ಸುಲಿದರು. ಆಮೇಲೆ ತಲೆ ಎತ್ತದೆ ಹೇಳಿದರು, “ಬೈಪಾಸ್ ಆದ ಮೇಲೆ ನಾನೂ ಲೈಟ್ ಹಾಕ್ಕೊಂಡೇ ಮಲಗ್ತಿದ್ದೆ. ನಿಮ್ಮ ತಂಗಿಗೂ ಯಾಕೆ ಅಂತ ಹೇಳಿರ್ಲಿಲ್ಲ.”

ಒಳಗೆ ದೋಸೆ ಹಿಟ್ಟು ರುಬ್ಬುತ್ತಿದ್ದ ಸದ್ದು ನಿಂತಿತ್ತು. ಇವಳೂ ಕೇಳಿಸಿಕೊಂಡಳೋ ಏನೋ.

ನಾಳೆ ಪಿಎಸ್‌ಎಗೆ ರಕ್ತ ಕೊಡಬೇಕು. ಬೆಳಿಗ್ಗೆ ಆರೂವರೆ ಬಸ್ಸಿಗೆ ತಾವೂ ಬರುತ್ತೇನೆ ಅಂದಿದ್ದಾರೆ ಭಾವ.