ವಾಲ್ಟರ್ ಮೇಷ್ಟ್ರ ಸೊಕ್ಕು ಮತ್ತು ನನ್ನ ಇಂಗ್ಲಿಷು

13 ಜುಲೈ 2025, ಭಾನುವಾರ
ದಾವಣಗೆರೆ

ಈಗಷ್ಟೇ ಕಾಲ್ ಮುಗಿಯಿತು. ಗಂಟೆ ಹನ್ನೊಂದು ದಾಟಿದೆ, ಮಾತಾಡಿ ಮಾತಾಡಿ ಗಂಟಲು ಕಟ್ಟಿದೆ. ಇವತ್ತು ಅಮೆರಿಕದ ಟಿವಿ ಸೀರಿಯಲ್ 'ಬ್ರೇಕಿಂಗ್ ಬ್ಯಾಡ್'ನಲ್ಲಿ ಡ್ರಗ್ಸ್ ಬೇಯಿಸಲು ಇಳಿಯುವ ಮೇಷ್ಟ್ರು ವಾಲ್ಟರ್ ವೈಟ್ ಸರದಿ. ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಿ, ಕಥೆಯೆಲ್ಲ ಹೇಳಿಬಿಡುತ್ತೇನೆ.

ನಮ್ಮದು ಭಾನುವಾರ ಫೋನಲ್ಲಿ ಸೀರಿಯಲ್ ಪಾತ್ರಗಳ ಬಗ್ಗೆ ವಾದ ಮಾಡುವ ನಾಲ್ಕು ಜನರ ಗುಂಪು. ನನ್ನ ಪಿಯು ಗೆಳತಿ ಪುಣೆಯಲ್ಲಿದ್ದಾಳೆ. ಅವಳ ರೂಮ್‌ಮೇಟ್‌ಗಳಲ್ಲಿ ಒಬ್ಬಳು ಮಲಯಾಳಿ, ಇನ್ನೊಬ್ಬಳು ಒಡಿಶಾದವಳು. ನಾನು ಇಲ್ಲಿ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ನನ್ನ ಹಿಂದಿ ದೇವರಿಗೇ ಪ್ರೀತಿ, ಹಾಗಾಗಿ ನಾಲ್ವರಿಗೂ ಇಂಗ್ಲಿಷೇ ಗತಿ. ಲ್ಯಾಬಿನಲ್ಲಿ ನನಗೆ ಇಂಗ್ಲಿಷಿನ ತೊಂದರೆಯೇ ಇಲ್ಲ. ಫಾಸ್ಟಿಂಗಾ, ಆಫ್ಟರ್ ಫುಡ್ಡಾ, ರಿಪೋರ್ಟ್ ಈವ್ನಿಂಗ್, ಮುಗಿಯಿತು. ಒಬ್ಬ ಮೇಷ್ಟ್ರು ಯಾವಾಗ ಕೆಟ್ಟ, ಯಾಕೆ ಕೆಟ್ಟ ಅಂತ ವಾದಕ್ಕೆ ಕೂರಲು ಅಷ್ಟು ಸಾಲದು.

ಊರಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೇನೂ ಬರವಿಲ್ಲ. ಆದರೆ ಅಲ್ಲಿ ಹೇಳಿಕೊಡುವುದು ಇಂಟರ್‌ವ್ಯೂ ಇಂಗ್ಲಿಷ್. ನನಗೆ ಬೇಕಿದ್ದದ್ದು ಜಗಳದ ಇಂಗ್ಲಿಷ್. ಅದಕ್ಕೆ ನಾನೇ ಒಂದು ದಾರಿ ಮಾಡಿಕೊಂಡೆ. ರಾತ್ರಿ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ಒಂದು ಎಪಿಸೋಡ್ ನೋಡುವುದು. ಬೆಳಿಗ್ಗೆ ಕುಂದುವಾಡ ಕೆರೆ ಹತ್ತಿರ ವಾಕಿಂಗ್ ಹೋದಾಗ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಅದೇ ಕಥೆಯನ್ನು ಇಂಗ್ಲಿಷಿನಲ್ಲಿ ಜೋರಾಗಿ ಹೇಳಿಕೊಳ್ಳುವುದು. ನೋಡಿದವರು ಯಾರ ಜೊತೆಗೋ ಫೋನಲ್ಲಿದ್ದಾಳೆ ಅಂದುಕೊಳ್ಳುತ್ತಾರೆ. ಒಬ್ಬ ಅಜ್ಜ ಮಾತ್ರ, "ಏನವ್ವ, ಬರೀ ನೀನೇ ಮಾತಾಡ್ತೀಯಲ್ಲ, ಆ ಕಡೆಯವ್ರಿಗೂ ಸ್ವಲ್ಪ ಬಿಡು" ಅಂದರು.

ಹೀಗೆ ಮಾಡುವಾಗ ಒಂದು ಸಂಗತಿ ತುಂಬ ಉಪಕಾರ ಮಾಡಿತು. ಇಂಗ್ಲಿಷಿನಲ್ಲಿ ಸಿನಿಮಾ, ಸೀರಿಯಲ್ಲಿನ ಕಥೆಯನ್ನು ಸಾಮಾನ್ಯವಾಗಿ ವರ್ತಮಾನದಲ್ಲೇ ಹೇಳುತ್ತಾರೆ. ವೆಂಟ್, ಸಾ, ಟುಕ್ ಅಂತ ಒದ್ದಾಡಬೇಕಿಲ್ಲ. 'ಜೇನ್ ಈಸ್ ಚೋಕಿಂಗ್. ವಾಲ್ಟ್ ಸ್ಟ್ಯಾಂಡ್ಸ್ ದೇರ್. ಹಿ ಡಸ್ ನಥಿಂಗ್.' ಜೆಸ್ಸಿ ಅಂದರೆ ವಾಲ್ಟ್ ಜೊತೆ ಡ್ರಗ್ಸ್ ಬೇಯಿಸುವ ಹುಡುಗ, ಜೇನ್ ಅವನ ಗೆಳತಿ. ಮೂರು ಪುಟಾಣಿ ವಾಕ್ಯ. ಎರಡನೇ ಸೀಸನ್ನಿನ ಆ ಭಯಂಕರ ದೃಶ್ಯ ಪೂರ್ತಿ ಬಂತು, ಅಲ್ವಾ?

ಮನುಷ್ಯ ಬದಲಾದ ಅಂತ ಹೇಳಲು ಹೊರಟಾಗ ಮಾತ್ರ ಭೂತಕಾಲ ಬೇಕೇ ಬೇಕು. 'ಹಿ ಯೂಸ್ಡ್ ಟು ಬಿ ಎ ಗುಡ್ ಮ್ಯಾನ್' ಅಂದರೆ ಮೊದಲು ಒಳ್ಳೆಯವನಿದ್ದ, ಆಮೇಲೆ ಕೆಟ್ಟ. 'ಹಿ ವಾಸ್ ಆಲ್ವೇಸ್ ಲೈಕ್ ದಿಸ್' ಅಂದರೆ ಮೊದಲಿಂದಲೂ ಹೀಗೇ ಇದ್ದ, ನಮಗೆ ಕಂಡಿರಲಿಲ್ಲ. ವಾಲ್ಟ್ ಬಗ್ಗೆ ನಮ್ಮ ಜಗಳವೆಲ್ಲ ಈ ಎರಡು ವಾಕ್ಯದ ನಡುವೆಯೇ.

ಮಲಯಾಳಿ ಹುಡುಗಿ ಮೊದಲನೇ ವಾಕ್ಯದ ಪರ. ಹೈಸ್ಕೂಲ್ ಕೆಮಿಸ್ಟ್ರಿ ಮೇಷ್ಟ್ರು, ಕ್ಯಾನ್ಸರ್, ಕೈಯಲ್ಲಿ ದುಡ್ಡಿಲ್ಲ, ಹೆಂಡತಿ ಬಸುರಿ, ಪಾಪ ಇನ್ನೇನು ಮಾಡಬೇಕಿತ್ತು ಅಂತ ಅವಳು. ಅವಳ ಮಾತಿಗೆ ತೂಕವೂ ಇದೆ. ನಾಯಕನನ್ನು ಮೆಲ್ಲಗೆ ಖಳನಾಯಕ ಮಾಡುವುದೇ ತಮ್ಮ ಉದ್ದೇಶ ಅಂತ ಇದನ್ನು ರೂಪಿಸಿದ ವಿನ್ಸ್ ಗಿಲಿಗನ್ ಅವರೇ ಹೇಳಿದ್ದಾರೆ.

ನಾನು ಮೊದಲ ಸೀಸನ್ನಿನ ಐದನೇ ಎಪಿಸೋಡ್ ತೆಗೆದೆ. ಹಳೇ ಗೆಳೆಯ ಎಲಿಯಟ್ ತನ್ನ ಕಂಪನಿಯಲ್ಲಿ ಕೆಲಸ ಕೊಡುತ್ತೇನೆ, ಇನ್ಶೂರೆನ್ಸ್ ಇದೆ ಅನ್ನುತ್ತಾನೆ. ಅವನ ಹೆಂಡತಿ ಗ್ರೆಚೆನ್ ಫೋನ್ ಮಾಡಿ ಚಿಕಿತ್ಸೆ ಖರ್ಚು ನಮಗಿರಲಿ ಅನ್ನುತ್ತಾಳೆ. ವಾಲ್ಟ್ ಎರಡೂ ಬೇಡ ಅನ್ನುತ್ತಾನೆ. ಅದೇ ಎಪಿಸೋಡಿನ ಕೊನೆಗೆ ಜೆಸ್ಸಿ ಮನೆಗೆ ಹೋಗಿ ಮತ್ತೆ ಡ್ರಗ್ಸ್ ಬೇಯಿಸೋಣವಾ ಅಂತ ಕೇಳುತ್ತಾನೆ. ಹಾಗಾದರೆ ದುಡ್ಡಿಗಾಗಿ ಕೆಟ್ಟ ಅನ್ನುವುದು ಹೇಗೆ? 'ಹಿ ಹ್ಯಾಸ್ ಎ ಚಾಯ್ಸ್. ಹಿ ಸೇಸ್ ನೋ.' ಇಷ್ಟೇ ಅಂದೆ. ಆ ಕಡೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂತ ಫೋನ್ ನೋಡಿಕೊಂಡೆ.

ನಿಜ ಹೇಳಬೇಕೆಂದರೆ ಈ ಪಾಯಿಂಟು ಅವ್ವನದು. ಅವಳು ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಕಂಪನಿ ನಾಟಕ ನೋಡಿ ಬೆಳೆದವಳು. ಅಲ್ಲಿ ಖಳನಾಯಕ ಸ್ಟೇಜಿಗೆ ಕಾಲಿಟ್ಟ ಕೂಡಲೇ ಮೀಸೆಯಲ್ಲೇ ಗೊತ್ತಾಗುತ್ತಿತ್ತಂತೆ. ಮೊನ್ನೆ ಮೆಂತ್ಯಸೊಪ್ಪು ಬಿಡಿಸುತ್ತಾ ನನ್ನ ಬಾಯಲ್ಲಿ ವಾಲ್ಟ್ ಕಥೆ ಕೇಳಿದಳು. ಎಲಿಯಟ್ ವಿಷಯ ಬರುತ್ತಲೇ, "ಕೊಡೋರು ಕೊಡ್ತೀನಿ ಅಂದ್ರೂ ಬ್ಯಾಡ ಅಂದ್ನಾ? ಆ ಮೇಷ್ಟ್ರಿಗೆ ಮೊದ್ಲಿಂದ್ಲೂ ಸೊಕ್ಕು ಐತಿ ಬಿಡು" ಅಂದು ಕಡ್ಡಿ ಎಸೆದಳು. ಒಂದು ಎಪಿಸೋಡೂ ನೋಡಿಲ್ಲ ಮಹಾತಾಯಿ.

ಒಡಿಶಾದವಳು ನನ್ನ ಸಹಾಯಕ್ಕೆ ಬಂದಳು. 2013ರ ಸೆಪ್ಟೆಂಬರ್‌ನಲ್ಲಿ ಬಂದ ಕೊನೆಯ ಎಪಿಸೋಡಿನಲ್ಲಿ, ಇದನ್ನೆಲ್ಲ ನನಗಾಗಿಯೇ ಮಾಡಿದೆ ಅಂತ ವಾಲ್ಟ್ ಹೆಂಡತಿ ಸ್ಕೈಲರ್ ಮುಂದೆ ಒಪ್ಪಿಕೊಳ್ಳುತ್ತಾನಲ್ಲ, ಇನ್ನೇನು ಬೇಕು ಅಂದಳು. ಮಲಯಾಳಿ ಹುಡುಗಿ ಸೋಲುವವಳಲ್ಲ. 'ಬೈ ದೆನ್, ಯೆಸ್' ಅಂದಳು. ಆ ಹೊತ್ತಿಗೆ ಹಾಗಾಗಿದ್ದ, ಮೊದಲೇ ಹಾಗಿದ್ದ ಅಂತೇನಲ್ಲ ಅಂತ. 'ಬೈ ದೆನ್' ಅನ್ನುವ ಎರಡೇ ಪದದಲ್ಲಿ ನನ್ನ ವಾದದ ಬುಡಕ್ಕೇ ಕೈ ಹಾಕಿದಳು. ಹೊಟ್ಟೆ ಉರಿಯಿತು. ಆ ಎರಡು ಪದ ಬರೆದಿಟ್ಟುಕೊಂಡಿದ್ದೇನೆ.

ಮುಂದಿನ ಭಾನುವಾರ ಸ್ಕೈಲರ್. ಅವಳನ್ನು ಕಂಡರಾಗದ ಪ್ರೇಕ್ಷಕರು ಎಷ್ಟಿದ್ದರೆಂದರೆ, ಪಾತ್ರ ಮಾಡಿದ ಆನಾ ಗನ್ ಅವರೇ ಆ ದ್ವೇಷದ ಬಗ್ಗೆ 2013ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಲೇಖನ ಬರೆದರು. ಅದನ್ನು ಓದಲು ಹಿಡಿದಿದ್ದೇನೆ, ನಿಧಾನ ಸಾಗುತ್ತಿದೆ. ಅವ್ವ ಮಾತ್ರ ಈಗಾಗಲೇ ತೀರ್ಪು ಕೊಟ್ಟಾಗಿದೆ. "ಆಕೀದೇನು ತಪ್ಪು? ಕಳ್ಳನ್ನ ಕಳ್ಳ ಅಂದ್ಳು." ಇದನ್ನು ಇಂಗ್ಲಿಷಿನಲ್ಲಿ ಇಷ್ಟೇ ಚಿಕ್ಕದಾಗಿ ಹೇಳಲು ಒಂದು ವಾರ ಇದೆ.